ಜನರಲ್ ಸಾಹೇಬರ ಒಂದು ಎಕರೆ

ದೊಡ್ಡವರ ಕಾರು ಓಡಿಸುವವನಿಗೆ ಎರಡು ಶಿಸ್ತು ಬೇಕು. ಕಣ್ಣು ರಸ್ತೆಯ ಮೇಲಿರಬೇಕು, ನಗು ಹೊಟ್ಟೆಯೊಳಗಿರಬೇಕು. ನಾನು ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಡ್ರೈವರ್ ಆಗಿದ್ದೆ, ಅದರಲ್ಲಿ ಒಂಬತ್ತು ವರ್ಷ ಒಬ್ಬರೇ ಸಾಹೇಬರ ಗಾಡಿ ಓಡಿಸಿದೆ. ಅವರು ಜನರಲ್ ಆಗಿ ನಿವೃತ್ತರಾಗಿ ಸದಲಗಾ ಹತ್ತಿರದ ತಮ್ಮ ಹಳ್ಳಿಗೆ ಬಂದಾಗ, ರಾಯಬಾಗದಲ್ಲಿ ಪೆನ್ಷನ್ ತಿನ್ನುತ್ತ ಖಾಲಿ ಕೂತಿದ್ದ ನನ್ನನ್ನು ಕರೆಸಿಕೊಂಡರು. ಸೈನ್ಯದಲ್ಲಿ ನಗುವಂಥದ್ದು ತಿಂಗಳಿಗೊಂದು ನಡೆಯುತ್ತಿತ್ತು, ಹಳ್ಳಿಯಲ್ಲಿ ದಿನಕ್ಕೊಂದು ನಡೆಯತೊಡಗಿತು. ಸಾಹೇಬರು ಈಗಿಲ್ಲ. ಇದ್ದಾಗ ಇದನ್ನೆಲ್ಲ ಹೇಳುವ ಧೈರ್ಯ ನನಗಿರಲಿಲ್ಲ.

ಕೈತಪ್ಪಿದ ಬಡ್ತಿ

ನಮ್ಮ ಕಡೆ ಓಣಿಗೊಬ್ಬ ಫೌಜಿ ಇದ್ದೇ ಇರುತ್ತಾನೆ. ಜವಾನನಾಗಿ ಸೇರುತ್ತಾನೆ, ಹಣೆಬರಹ ನೆಟ್ಟಗಿದ್ದರೆ ಸುಬೇದಾರನಾಗಿ ಮರಳುತ್ತಾನೆ. ಹಾಗಾಗಿ ಊರವರ ಲೆಕ್ಕದಲ್ಲಿ ಸುಬೇದಾರನೇ ಕಟ್ಟಕಡೆಯ ಮೆಟ್ಟಿಲು. ಅಧಿಕಾರಿಗಳದು ಬೇರೆಯೇ ಏಣಿ, ಅದು ಸುಬೇದಾರನ ತಲೆಯ ಮೇಲಿಂದ ಶುರುವಾಗುತ್ತದೆ ಎನ್ನುವುದು ಕಟ್ಟೆಯ ಮೇಲೆ ಕೂತವರಿಗೆ ಗೊತ್ತಿಲ್ಲ.

ಸಾಹೇಬರು ಬಂದ ಮೂರನೆಯ ದಿನ ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬ ಕೇಳಿದ, "ಏಸ ವರ್ಷ ಸರ್ವಿಸ್ ಆತ್ರಿ?"

"ಮೂವತ್ತೆಂಟು, ಅಜ್ಜಾ."

"ಹಂಗಾರ ಸುಬೇದಾರ ಆಗಿರಬೇಕಲ್ರಿ?"

"ಇಲ್ಲ ಅಜ್ಜಾ, ಆಗಲಿಲ್ಲ," ಎಂದರು ಸಾಹೇಬರು. ಸುಳ್ಳೇನಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ನನ್ನ ರಟ್ಟೆ ಹಿಡಿದರು. ಅಜ್ಜನಿಗೆ ಮರುಕ ಬಂತು. "ಇರ್ಲಿ ಬಿಡ್ರಿ. ನಮ್ಮ ತಮ್ಮನ ಮಗಾ ಇಪ್ಪತ್ತೆಂಟ ವರ್ಷದಾಗ ಆದ. ಏನ ಮಾಡೂದು, ಸಾಲಿ ಕಲ್ತಿರಬೇಕಲ್ಲ," ಎಂದ.

ಅಕ್ಕನ ಷರತ್ತು

ಸಾಹೇಬರ ಹೆಂಡತಿ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿದ್ದವರು ಅಕ್ಕ, ಸಾಹೇಬರಿಗಿಂತ ಎಂಟು ವರ್ಷ ಹಿರಿಯರು. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಮ್ಮ ಸೈನ್ಯಕ್ಕೆ ಹೋದ ಮೇಲೆ ದೂಧಗಂಗೆಯ ದಂಡೆಯ ನಾಲ್ಕು ಎಕರೆ ಕಬ್ಬನ್ನು ಒಬ್ಬರೇ ನೋಡಿಕೊಂಡರು. ಅವರಿಗೆ ಯಾರ ಭಯವೂ ಇಲ್ಲ, ಜನರಲ್‌ನದಂತೂ ಇಲ್ಲವೇ ಇಲ್ಲ.

"ಅಕ್ಕಾ, ಇನ್ನ ಹೊಲಾ ನಾ ನೋಡ್ಕೋತೀನಿ. ನೀ ಆರಾಮ ಕುಂದ್ರು," ಎಂದರು ಸಾಹೇಬರು.

"ನೀ ಇಷ್ಟ ವರ್ಷ ಮಾಡಿದ್ದ ಬರೇ ಹೇಳೂದು. ಹೇಳಿದ್ರ ಕಬ್ಬ ಬರೂದಿಲ್ಲ ತಮ್ಮಾ. ಒಂದ ಎಕರೆ ತುಗೋ, ಮಾಡಿ ತೋರ್ಸು. ಚಲೋ ಬೆಳದಿ ಅಂತ ನನ್ನ ಬಾಯಿಂದ ಬಂತಂದ್ರ ಉಳದದ್ದೂ ನಿಂದ."

ಸಾಹೇಬರ ಎದೆಯ ಮೇಲೆ ಎರಡು ಸಾಲು ಪದಕಗಳಿದ್ದವು. ಅವನ್ನು ಪೆಟ್ಟಿಗೆಗೆ ಹಾಕಿ ಮರೆತವರು, ಅಕ್ಕನ ಬಾಯಿಂದ ಬರಬೇಕಾದ ಎರಡು ಮಾತಿಗಾಗಿ ಅಂದಿನಿಂದ ಜೀವ ತೇದರು. ಮೊದಮೊದಲು ಇದು ತಮಾಷೆ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಆ ಮನುಷ್ಯನಿಗೆ ಬದುಕಿನಲ್ಲಿ ಬೇಕಾಗಿ ಉಳಿದದ್ದು ಅದೊಂದೇ.

ಬೆಳಗಿನ ಐದರ ಕಾರ್ಯಾಚರಣೆ

ಮೊದಲ ಸಲ ನೀರು ಹಾಯಿಸುವ ಹಿಂದಿನ ದಿನ ಸಾಹೇಬರು ಹೊಲದ ನಕ್ಷೆ ಬರೆದು ಗೋಡೆಗೆ ಅಂಟಿಸಿದರು. ಕಾಲುವೆಗೆ ನೀಲಿ ಗೆರೆ, ಆಳುಗಳಿಗೆ ಕೆಂಪು ಚುಕ್ಕೆ. ಮೋಟಾರಿಗೆ ಒಂದು ಧ್ವಜ. ಬೆಳಿಗ್ಗೆ ಐದಕ್ಕೆ ಗಮ್‌ಬೂಟು ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಬದುವಿನ ಮೇಲೆ ನಿಂತರು. ಇಬ್ಬರು ಆಳುಗಳು ಸಲಿಕೆ ಹಿಡಿದು ಸಾಲಾಗಿ ನಿಂತರು. ಗಡಿಯಾರ ನೋಡಿ ಸಾಹೇಬರು ಸೀಟಿ ಊದಿದರು. ನಾನು ಗುಂಡಿ ಒತ್ತಿದೆ.

ಮೋಟಾರು ಕೆಮ್ಮಲೂ ಇಲ್ಲ. ತ್ರೀ ಫೇಸ್ ಕರೆಂಟಿನ ಪಾಳಿ ಆ ವಾರ ಹನ್ನೊಂದಕ್ಕಿತ್ತು, ಅದು ಆಳುಗಳಿಗೆ ಗೊತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳ್ಲಿಲ್ಲಲ್ರಿ, ಸಾಲಾಗಿ ನಿಂದ್ರ ಅಂದ್ರಿ, ನಿಂತಿವಿ," ಎಂದರು.

ಆರು ತಾಸು ಬದುವಿನ ಮೇಲೆ ಕೂತೆವು. ಹತ್ತರ ಹೊತ್ತಿಗೆ ಹಿರಿಯ ಆಳು ಮೆಲ್ಲಗೆ ಕೇಳಿದ, "ಸಾಹೇಬ್ರ, ಲಡಾಯಿಗೆ ಕರೆಂಟ ಬೇಕಾಗೂದಿಲ್ಲೇನ್ರಿ?"

ಕಬ್ಬಿಗೆ ಕಟಿಂಗ್

ಕಬ್ಬಿನ ಒಣಗಿದ ಎಲೆಯನ್ನು, ಅಂದರೆ ರವದಿಯನ್ನು, ಸುಲಿದು ಬಿಡಿಸುವುದು ನಮ್ಮ ಕಡೆಯ ಪದ್ಧತಿ. ಸಾಹೇಬರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಜೋಲುಬಿದ್ದ ಎಲೆ ಅವರ ಕಣ್ಣಿಗೆ ಕಿವಿ ಮುಚ್ಚಿದ ಕೂದಲಿನ ಹಾಗೆ ಕಂಡಿರಬೇಕು. ಹಸಿರೆಲೆಯನ್ನೂ ಎಳೆಸಿ, ತುದಿಯಲ್ಲಿ ಒಂದು ಜುಟ್ಟು ಮಾತ್ರ ಉಳಿಸಿದರು. ಇಡೀ ಎಕರೆ ಹೊಸದಾಗಿ ಭರ್ತಿಯಾದ ರಂಗರೂಟರಂತೆ ನಿಂತಿತು. ಅಥಣಿ ಕಡೆಯಿಂದ ನೆಂಟರ ಮನೆಗೆ ಬಂದವರೂ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಹೋದರು. ಸಾಹೇಬರು ಬೀಗಿದರು.

ಅಕ್ಕ ಬಂದು ಒಂದು ಕಬ್ಬನ್ನು ಹೆಬ್ಬೆರಳಿನಿಂದ ಅಳೆದು ನೋಡಿದರು. "ಲೇ ತಮ್ಮಾ, ಎಲಿ ಅಂದ್ರ ಅದರ ಬಾಯಿ. ಬಾಯಿ ಕಿತ್ತ ಮ್ಯಾಲ ಅದ ಉಣ್ಣೂದ ಹ್ಯಾಂಗ?" ಎಂದರು.

ಆ ವರ್ಷ ಕಬ್ಬು ಸೊರಗಿ ನಲವತ್ತು ಟನ್ನಿಗೆ ನಿಂತಿತು. ಬದುವಿನ ಆಚೆ ಅಕ್ಕನ ಎಕರೆಗೆ ಐವತ್ತೆಂಟು ಬಂತು.

ಬೆತ್ತದ ಕುರ್ಚಿ

ಆ ನಲವತ್ತು ಟನ್ನು ಕಡಿಸುವುದೂ ಸುಲಭವಾಗಿರಲಿಲ್ಲ. ಕಬ್ಬು ಬೆಳೆದರೆ ಸಾಲದು, ಕಡಿಯಲು ಸಕ್ಕರೆ ಕಾರ್ಖಾನೆಯ ಚೀಟಿ ಬರಬೇಕು. ಚೀಟಿ ತರುವವನು ಸ್ಲಿಪ್ ಬಾಯ್. ಹೆಸರಿಗೆ ಬಾಯ್, ವಯಸ್ಸು ಐವತ್ತೆರಡು, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ಹಂಗಾಮಿನಲ್ಲಿ ಈ ಭಾಗದ ಎಲ್ಲ ರೈತರೂ ಅವನ ಮೋಟಾರ್‌ಸೈಕಲ್ಲಿನ ಸದ್ದಿಗೆ ಕಿವಿಗೊಟ್ಟೇ ಕೂತಿರುತ್ತಾರೆ.

ಸಾಹೇಬರ ಅಂಗಳದಲ್ಲಿ ಒಂದು ಬೆತ್ತದ ಕುರ್ಚಿಯಿತ್ತು. ಸಾಹೇಬರನ್ನು ಬಿಟ್ಟು ಬೇರೆ ಯಾರೂ ಅದರಲ್ಲಿ ಕೂತದ್ದು ನಾನು ಕಂಡಿರಲಿಲ್ಲ. ಚಿಕ್ಕೋಡಿಯಿಂದ ದೊಡ್ಡ ಪುಢಾರಿಯೊಬ್ಬರು ಬಂದಾಗಲೂ ಅವರಿಗೆ ಪ್ಲಾಸ್ಟಿಕ್ ಕುರ್ಚಿಯೇ ಗತಿಯಾಗಿತ್ತು. ಸ್ಲಿಪ್ ಬಾಯ್ ಗಾಡಿ ನಿಲ್ಲಿಸಿದ್ದೇ ಸಾಹೇಬರು ಎದ್ದರು, ತಮ್ಮ ಟವೆಲ್ಲಿನಿಂದ ಕುರ್ಚಿ ಒರೆಸಿದರು. "ಬರ್ರಿ, ಕುಂದರ್ರಿ. ಚಹಾ ತುಗೋತೀರೋ, ಮಜ್ಜಿಗಿ ತುಗೋತೀರೋ?"

ಸ್ಲಿಪ್ ಬಾಯ್ ಕೂತ, ಎರಡೂ ಕುಡಿದ. "ನಿಮ್ಮ ಪಾಳಿ ಇನ್ನ ಹದಿನೈದ ದಿವಸ ಐತ್ರಿ," ಎಂದು ಎದ್ದ.

ನನಗೆ ತಡೆಯಲಾಗಲಿಲ್ಲ. "ಸಾಬ್, ಮ್ಯಾಲಿನವ್ರಿಗೆ ಒಂದು ಫೋನ್ ಮಾಡಿದ್ರ ನಾಳೆನ ಕಬ್ಬ ಕಡಿಯೂ ಟೋಳಿ ಬರ್ತೈತ್ರಿ," ಎಂದೆ.

"ಬ್ಯಾಡ. ವಶೀಲಿ ಹಚ್ಚಿ ಕಡಿಸಿದ ಕಬ್ಬಿಗೆ ಅಕ್ಕ ಚಲೋ ಅಂತಾಳೇನು?" ಎಂದ ಸಾಹೇಬರು ತುಸು ತಡೆದು, "ಕುರ್ಚಿ ಹಿತಾ ಆತೋ ಇಲ್ಲೋ ಅವಂಗ?" ಎಂದು ಕೇಳಿದರು.

ಎರಡನೆಯ ವರ್ಷ

ಎರಡನೆಯ ವರ್ಷ ಒಂದೇ ಒಂದು ಹಸಿರೆಲೆ ಮುಟ್ಟಲಿಲ್ಲ. ಬದಲಿಗೆ ನೀರು, ಗೊಬ್ಬರ ಎರಡನ್ನೂ ಮನಸೋಇಚ್ಛೆ ಕೊಟ್ಟರು. ಕಬ್ಬು ಉಬ್ಬಿ ಬೆಳೆದು, ಬುಡ ಸಡಿಲಾಗಿ, ಒಂದು ಗಾಳಿಗೆ ನೆಲಕ್ಕೆ ಒರಗಿತು. ಅಕ್ಕ ಬದುವಿನ ಮೇಲೆ ನಿಂತು ನೋಡಿದರು. "ಹ್ವಾದ ವರ್ಷ ಉಪಾಸ ನಿಂದ್ರಿಸಿದಿ, ಈ ವರ್ಷ ಉಣಿಸಿ ಮಲಗಿಸಿದಿ. ನಿನ್ನ ಕೈಯಾಗಿನ ಸಿಪಾಯಿಗೋಳು ಹ್ಯಾಂಗ ಬಾಳೆ ಮಾಡಿದ್ರೋ ಏನೋ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

ನುಡಿನಮನ

ಮೂರನೆಯ ವರ್ಷ ಸಾಹೇಬರು ನಕ್ಷೆ ಬರೆಯಲಿಲ್ಲ, ಸೀಟಿ ಊದಲಿಲ್ಲ. ಅಕ್ಕನ ಹೊಲಕ್ಕೆ ನೀರು ಬಿಟ್ಟ ದಿನ ತಮ್ಮದಕ್ಕೂ ಬಿಟ್ಟರು, ಅವರು ಬುಡಕ್ಕೆ ಮಣ್ಣು ಏರಿಸಿದ ದಿನ ತಾವೂ ಏರಿಸಿದರು. ಕಬ್ಬು ಕಡಿಯಲು ಎಂಟು ದಿನ ಉಳಿದಿತ್ತು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಕ್ಕ ಅವತ್ತು ಅತ್ತರು. ಮರುದಿನದಿಂದ ಆಳುಗಳನ್ನು ಕರೆದುಕೊಂಡು ಹೊಲಕ್ಕೆ ನಡೆದರು, ಪಾಳಿ ಬಂದಾಗ ತಮ್ಮನ ಕಬ್ಬನ್ನು ಮುಂದೆ ನಿಂತು ಕಡಿಸಿದರು.

ಹದಿಮೂರನೆಯ ದಿನ ಶಾಲೆಯ ಮೈದಾನದಲ್ಲಿ ಸಭೆ. ಬೆಳಗಾವಿಯಿಂದ ಅಧಿಕಾರಿಗಳು ಬಂದಿದ್ದರು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಭಾಷಣಗಳಾದವು. ಊರವರು ಶಿಸ್ತಿನಿಂದ ಆಕಳಿಸಿದರು. ಕೊನೆಗೆ ಒಬ್ಬ ಕರ್ನಲ್ ಸಾಹೇಬರು, ಕನ್ನಡ ಬಾರದವರು, ಅಕ್ಕನ ಮುಂದೆ ಮೈಕು ಹಿಡಿಸಿ ನನ್ನನ್ನು ದುಭಾಷಿಯಾಗಿ ನಿಲ್ಲಿಸಿದರು. ಜನರಲ್ ಸಾಹೇಬರ ಧೈರ್ಯದ ಬಗ್ಗೆ ಎರಡು ಮಾತು ಹೇಳಬೇಕಂತೆ.

"ಧೈರ್ಯಾ?" ಎಂದರು ಅಕ್ಕ. "ಹೊಲದಾಗ ಹಾವ ಕಂಡ್ರ ನನ್ನ ಕರೀತಿದ್ದ."

ಮೈದಾನವೆಲ್ಲ ನಕ್ಕಿತು. ಅಕ್ಕ ಏನಂದರು ಎಂದು ಕರ್ನಲ್ ಕೇಳಿದರು. "ಅಪಾಯದ ಹೊತ್ತಿನಲ್ಲಿ ಸರಿಯಾದ ನಿರ್ಧಾರ ತೆಗೆದುಕೊಳ್ಳುತ್ತಿದ್ದರಂತೆ, ಸಾಬ್," ಎಂದೆ.

ಅಕ್ಕ ಸೊಂಟದ ಸಂಚಿಯಿಂದ ಒಂದು ಮಡಚಿದ ಕಾಗದ ತೆಗೆದರು. ಕಾರ್ಖಾನೆಯವರು ಸಾಹೇಬರ ಕಬ್ಬನ್ನೆಲ್ಲ ಕೂಡಿಸಿ ಬರೆದುಕೊಟ್ಟ ತೂಕದ ಚೀಟಿ, ಹಿಂದಿನ ದಿನವಷ್ಟೇ ಬಂದದ್ದು. ವೇದಿಕೆಯ ಮೇಲೆ ಹಾರ ಹಾಕಿ ಇಟ್ಟಿದ್ದ ಸಾಹೇಬರ ಫೋಟೋದ ಮುಂದೆ ಹೋಗಿ ನಿಂತರು. ಮೈಕು ಹಿಂದೆಯೇ ಹೋಯಿತು.

"ಅರವತ್ತೆರಡ ಟನ್ ಆಗೈತಿ. ನಂದ ಎಂದೂ ಅರವತ್ತ ದಾಟಿಲ್ಲ. ಚಲೋ ಬೆಳದಿ, ತಮ್ಮಾ," ಎಂದು ಹೇಳಿ ಚೀಟಿಯನ್ನು ಹಾರದ ನಡುವೆ, ಸರಿಯಾಗಿ ಎದೆಯ ಮೇಲೆ ಸಿಕ್ಕಿಸಿದರು.

ಕರ್ನಲ್ ನನ್ನ ಕಿವಿಯಲ್ಲಿ ಅದೇನು ಕಾಗದ ಎಂದು ಕೇಳಿದರು. ತೂಕದ ಚೀಟಿಗೆ ಹಿಂದಿಯಲ್ಲಿ ಏನನ್ನುತ್ತಾರೋ ಹೊಳೆಯಲಿಲ್ಲ. "ಮೆಡಲ್, ಸಾಬ್," ಎಂದೆ.

ಕರ್ನಲ್ ಕೋಟಿನ ಗುಂಡಿ ಸರಿಮಾಡಿಕೊಂಡು ಎದ್ದರು. ಅವರ ಹಿಂದೆ ಬೆಳಗಾವಿಯಿಂದ ಬಂದವರೆಲ್ಲ ಎದ್ದರು. ಅಷ್ಟೂ ಅಧಿಕಾರಿಗಳು ಸಾಲಾಗಿ ನಿಂತು, ಹಿಮ್ಮಡಿ ಕೂಡಿಸಿ, ಸಕ್ಕರೆ ಕಾರ್ಖಾನೆಯ ತೂಕದ ಚೀಟಿಗೆ ಸೆಲ್ಯೂಟ್ ಹೊಡೆದರು. ನಾನೂ ಹೊಡೆದೆ.