ಕೀಲಿಯ ಹಾಡಿನಲ್ಲಿ ನನ್ನ ಹೆಂಡತಿಯ ಸಾಲು ಕಾಣೆಯಾದ ಬಗ್ಗೆ

ನೂರಾ ಹನ್ನೆರಡು ಕನ್ನಡ ಚಿತ್ರಗಳಿಗೆ ತಾವೇ ರಾಗ ಹಾಕಿ, ತಾವೇ ಹಾಡು ಬರೆದು, ಇಷ್ಟಾದರೂ ನಮ್ಮ ಮೇಲಿನ ಮಹಡಿಯಲ್ಲೇ ವಾಸವಾಗಿರುವ ಸರಳ ಜೀವಿಗಳೂ ಮಾನ್ಯರೂ ಆದ ಸಂಗೀತ ನಿರ್ದೇಶಕರೇ, ಕೆಳಮನೆಯವನ ನಮಸ್ಕಾರಗಳು.

ಕಳೆದ ಶುಕ್ರವಾರ ಬೆಳಗಿನ ಆಟದಲ್ಲಿ, ಹಿಮದ ಬೆಟ್ಟದ ಮೇಲೆ ನಾಯಕನು ನಾಯಕಿಯ ಸೊಂಟ ಬಳಸಿ 'ಬೀರು ಕೀಲಿ ಎಲ್ಲಿಟ್ಟೆ ಹೇಳೇ, ನಿನ್ನ ತಲೆಯಲ್ಲಿ ಏನಿದೆ ಹೇಳೇ' ಎಂದು ಹಾಡಿದಾಗ, ತಾವು ನನ್ನ ಸಂಸಾರಕ್ಕೆ ಘೋರ ಅನ್ಯಾಯ ಮಾಡಿದಿರಿ. ಆ ಎರಡೂ ಸಾಲು ನನ್ನವು. ಕಳೆದ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಡುಮನೆಯಲ್ಲಿ ನಿಂತು ನಾನು ನನ್ನ ಹೆಂಡತಿಯನ್ನು ಕೇಳಿದ ಮಾತುಗಳು.

ತಮ್ಮ ಕೆಲಸದ ರೀತಿ ನನಗೆ ಗೊತ್ತಿಲ್ಲದ್ದಲ್ಲ. ಹೊಸ ರಾಗ ಮರೆತುಹೋಗದಿರಲೆಂದು ಕಿವಿಗೆ ಬಿದ್ದ ಯಾವುದಾದರೂ ಮಾತನ್ನು ಅದಕ್ಕೆ ತುಂಬಿಡುತ್ತೀರಿ. ತಮ್ಮ ಕಸುಬಿನವರು ಇದನ್ನು ಡಮ್ಮಿ ಸಾಲು ಎನ್ನುತ್ತಾರೆ. ಬೇರೆ ಕಡೆ ಆಮೇಲೆ ಕವಿಯೊಬ್ಬ ಬಂದು ಅದನ್ನು ಕಿತ್ತು ನಿಜವಾದ ಸಾಹಿತ್ಯ ಕೂರಿಸುತ್ತಾನೆ. ತಮ್ಮಲ್ಲಾದರೆ ಆ ಕವಿಯೂ ತಾವೇ. ಹೀಗಾಗಿ ರಾಗ ಹಾಕಿದ ತಾವು, ಹಾಡು ಬರೆಯುವ ತಾವು ಅದನ್ನು ಬದಲಾಯಿಸುತ್ತೀರೆಂದು ನಂಬಿ, ಅಷ್ಟರಲ್ಲಿ ಒಪ್ಪಿಕೊಂಡ ಇನ್ನೂ ಮೂರು ಚಿತ್ರಗಳ ಕಡೆ ಹೊರಟುಬಿಡುತ್ತೀರಿ; ಡಮ್ಮಿ ಸಾಲೇ ತೆರೆಗೆ ಬರುತ್ತದೆ. ಹನ್ನೊಂದು ವರ್ಷದ ಹಿಂದೆ ನಾಯಕನು ತಾಯಿಯ ಶವದ ಮುಂದೆ 'ಟೀ ಇನ್ನೂ ಬರಲಿಲ್ಲ' ಎಂದು ಮೂರು ಸಲ ಹಾಡಿ ಅತ್ತಾಗ, ವಿಮರ್ಶಕರು ಅದರಲ್ಲಿ ಬದುಕಿನ ಶೂನ್ಯವನ್ನು ಕಂಡರು, ತಮಗೆ ಪ್ರಶಸ್ತಿಯೂ ಬಂತು. ನಾನೂ ಚಪ್ಪಾಳೆ ತಟ್ಟಿದೆ. ಟೀ ನಮ್ಮ ಮನೆಯದಲ್ಲವಲ್ಲ!

ಆದರೆ ಈಗ, ನನ್ನ ಪ್ರಶ್ನೆಯನ್ನು ಎಂಟು ಸಲ ಹಾಡಿಸಿದ ತಾವು, ಅವಳ ಉತ್ತರವನ್ನು ತಾಳಕ್ಕೆ ಕೂರಲಿಲ್ಲವೆಂದೋ ಏನೋ ಬಿಟ್ಟೇಬಿಟ್ಟಿದ್ದೀರಿ. ಆ ಬೆಳಿಗ್ಗೆ ನನ್ನ ದನಿ ಬೀದಿಯ ಕೊನೆಯವರೆಗೂ ಕೇಳಿಸಿತ್ತಾದ್ದರಿಂದ ಹಾಡು ಯಾರ ಮನೆಯದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತರಕಾರಿಯವನು 'ಕೀಲಿ ಸಿಕ್ತಾ ಅಕ್ಕಾ?' ಎನ್ನುತ್ತಾನೆ. ಹಲ್ಲಿನ ಡಾಕ್ಟರು ಅವಳ ಬಾಯಿಗೆ ಹತ್ತಿ ತುರುಕಿ, ಉತ್ತರ ಕೊಡಲಾಗದ ಹೊತ್ತು ನೋಡಿ, 'ಬೀರೂನೇ ಒಡೆಸಿಬಿಟ್ರಾ ಅಮ್ಮಾ?' ಎಂದು ಕೇಳಿದರಂತೆ. ಭಾನುವಾರ ಅವಳು ಅಕ್ಕನ ಮನೆಗೆ ಹೊರಟುಹೋದಳು. ಬಾಗಿಲಲ್ಲಿ ನಿಂತು, 'ಕೀಲಿ ನಿಮ್ಮ ಜೇಬಲ್ಲೇ ಇದೆ ಅಂತ ಅವತ್ತೇ ಹೇಳಿದ್ನಲ್ಲ, ಅದನ್ನ ಊರಿಗೆಲ್ಲ ಯಾರ್ರೀ ಹೇಳೋರು? ಅದು ಎಲ್ರಿಗೂ ಗೊತ್ತಾದ ದಿನ ಬರ್ತೀನಿ' ಎಂದಳು.

ಹೌದು, ಜೇಬಿನಲ್ಲೇ ಇತ್ತು. ಇಲ್ಲಿ ಅದು ಮುಖ್ಯವಲ್ಲ.

ಆದ್ದರಿಂದ ತಾವು ದಯಮಾಡಿ ಎಲ್ಲ ಚಿತ್ರಮಂದಿರಗಳಿಂದ ಚಿತ್ರವನ್ನು ವಾಪಸು ತರಿಸಿ, ನಾಯಕನನ್ನು ಮತ್ತೆ ಹಿಮದ ಬೆಟ್ಟ ಹತ್ತಿಸಿ, ಅವನ ಪ್ಯಾಂಟಿನ ಎಡಜೇಬಿನಿಂದ ಕೀಲಿ ತೆಗೆಸಿ, ನಲವತ್ತು ಪಿಟೀಲುಗಳ ಹಿನ್ನೆಲೆಯಲ್ಲಿ ನಾಯಕಿಯ ಕ್ಷಮೆ ಕೇಳಿಸಬೇಕೆಂದು ಪ್ರಾರ್ಥನೆ. 'ನೀವೇ ಹೋಗಿ ಒಂದು ಮಾತು ಕ್ಷಮೆ ಕೇಳಬಾರದಾ ಭಾವಾ' ಎಂದು ಅವಳ ತಂಗಿ ಫೋನಿನಲ್ಲಿ ಅಂದಳು. ಮೂವತ್ತು ವರ್ಷಗಳಲ್ಲಿ ನನಗೆ ಅದರ ಅಭ್ಯಾಸವಾಗಿಲ್ಲ. ತಮಗಾದರೆ ವಾರಕ್ಕೆರಡು ಕ್ಷಮೆಯ ಹಾಡು ಬರೆದು ಕೈ ಪಳಗಿದೆ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯೇ ಆದ,
ಕೆಳಮನೆಯವನು

ಬರೆಯಲು ಮರೆತದ್ದು: ಅವಳ ಉತ್ತರ ತಮಗೆ ಕೇಳಿಸಲೇ ಇಲ್ಲವೆಂದು ಜಾರಿಕೊಳ್ಳುವಂತಿಲ್ಲ. ಅವಳು ಬಾಯಿಬಿಟ್ಟೊಡನೆ ಮೇಲೆ ಹಾರ್ಮೋನಿಯಂ ನಿಂತು ತಾವು ಗಹಗಹಿಸಿ ನಕ್ಕದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಯಾಕೆ ನಕ್ಕಿರಿ? ಈ ಪತ್ರ ಅಚ್ಚಾಗುವ ಪತ್ರಿಕೆಯೇ ಅವಳ ಅಕ್ಕನ ಮನೆಗೂ ಬರುತ್ತದೆ. ಇದರಲ್ಲೇ, ತಮ್ಮ ಹೆಸರು ಹಾಕಿ, ಎಲ್ಲರೂ ಓದುವಂತೆ ಉತ್ತರಿಸಿ.