ಕಾಡಂಚಿನ ಸಂಡಿಗೆ ಕಾಳಗ

ಹೆದ್ದಾರಿಗಳು ಹಿಗ್ಗಿ ಹೊಲಗಳನ್ನು ನುಂಗಿದ, ಟೋಲ್ ಗೇಟುಗಳು ಕೋಟೆಯ ಬಾಗಿಲುಗಳಂತೆ ಎದ್ದುನಿಂತ, ನಗರವಾಸಿಗಳು ಸ್ವಂತ ಮಂಚವನ್ನು ಬಿಟ್ಟು ಬಾಡಿಗೆಯ ಗುಡಾರದಲ್ಲಿ ಮಲಗುವುದನ್ನೇ ಪರಮಸುಖವೆಂದು ಬಗೆದ ಮಹಾಯುಗದಲ್ಲಿ, ಕನ್ನಡಕಭೂಷಿತನೂ, ಕಿರುಬೊಜ್ಜಿನಿಂದ ಶೋಭಿತನೂ, ಕಾಲೇಜಿನ ಗ್ರಂಥಾಲಯವೆಂಬ ನಿಶ್ಶಬ್ದಸಾಮ್ರಾಜ್ಯವನ್ನು ತುಟಿಯ ಮೇಲಿನ ಒಂದೇ ಬೆರಳಿನಿಂದ ಆಳುವವನೂ ಆದ ತ್ರಿಲೋಚನನೆಂಬ ವೀರನು ನಂಜನಗೂಡಿನಲ್ಲಿದ್ದನು. ಎಲೈ ಸೂರ್ಯನೇ, ಅವನ ಕಥೆಯನ್ನು ಹೇಳಲು ಬಲ ಕೊಡು. ಅಂದು ನಡೆದದ್ದೆಲ್ಲವನ್ನೂ ಮೊದಲಿನಿಂದ ಕಂಡವನು ನೀನೊಬ್ಬನೇ.

ಆ ವೀರನ ಮಡದಿ ಪ್ರಫುಲ್ಲಾ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ದಸರೆಯ ಬಣ್ಣ ಬಳಿದ ಆನೆಯನ್ನೂ ಮೃಗಾಲಯದ ಬೇಲಿಯೊಳಗಿನ ಆನೆಯನ್ನೂ ಕಂಡಿದ್ದಳು. ಯಾರ ಮಾತಿಗೂ ಕಾಯದೆ ತನ್ನಷ್ಟಕ್ಕೆ ತಾನು ನಡೆದುಹೋಗುವ ಆನೆಯನ್ನು ಮಾತ್ರ ಹುಟ್ಟಿದಂದಿನಿಂದ ನೋಡಿರಲಿಲ್ಲ. ಅದನ್ನು ನೋಡಲೆಂದೇ ದಂಪತಿಗಳು ಗುಡಾರವನ್ನು ಕಾರಿಗೆ ತುಂಬಿ, ದಕ್ಷಿಣದ ಕಾಡಿನ ಅಂಚಿನಲ್ಲಿದ್ದ ಖಾಸಗಿ ಶಿಬಿರವೊಂದಕ್ಕೆ ಹೊರಟು ನಿಂತರು.

ಆಗ ಗೃಹಸಾಮ್ರಾಜ್ಞಿಯೂ ವೀರಮಾತೆಯೂ ಆದ ವಿಮಲಾಕ್ಷಮ್ಮನವರು ಒಂದು ಸ್ಟೀಲ್ ಡಬ್ಬವನ್ನು ಹಿಡಿದು ಹೊಸ್ತಿಲಿಗೆ ಬಂದರು.

"ಅಕ್ಕಿ ಸಂಡಿಗೆ. ಒಂದು ಬಿಸಿಲು ಕಂಡಿದೆ, ಇನ್ನೆರಡು ಬೇಕು. ಇಲ್ಲಿ ನೋಡಿದ್ರೆ ಪಕ್ಕದ ಮನೆಯೋರು ಮಹಡಿ ಕಟ್ತಾ ಇದಾರೆ, ತಾರಸಿ ತುಂಬಾ ಸಿಮೆಂಟ್ ಧೂಳು. ನೀವೇ ಒಣಗಿಸ್ಕೊಂಡ್ ಬನ್ನಿ."

"ಅತ್ತೆ, ಕಾಡಿಗೆ ಸಂಡಿಗೆನಾ?"

"ಯಾಕಮ್ಮ, ಕಾಡಿಗೆ ಸೂರ್ಯ ಬರಲ್ವಾ? ಶಶಿ ಸೀಮಂತಕ್ಕೆ ಬೇಕು. ನೋಡು, ನಿನ್ ಕೈಗೆ ಕೊಡ್ತಿದೀನಿ. ಅವನ್ ಕೈಗಲ್ಲ."

ಮದುವೆಯಾದ ಮೇಲೆ ಅತ್ತೆಯ ಅಡುಗೆಮನೆಯಿಂದ ಪ್ರಫುಲ್ಲೆಯ ವಶಕ್ಕೆ ಬಂದ ಮೊದಲ ವಸ್ತು ಅದು. ನಾದಿನಿಯ ಸೀಮಂತದಲ್ಲಿ ಸಂಡಿಗೆ ಕಡಿಮೆಯಾದರೆ ಆ ಮಾತು ಮುಂದೆ ಎಷ್ಟು ಸೀಮಂತಗಳವರೆಗೆ ನಡೆದುಬರುತ್ತದೆಂದು ಅವಳಿಗೆ ಗೊತ್ತಿತ್ತು. ಡಬ್ಬವನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಳು.

ಶಿಬಿರದಲ್ಲಿ ಕಾರಿನ ಬಾನೆಟ್ಟಿನ ಮೇಲೆ ಹಳೆಯ ಪಂಚೆಯೊಂದು ಹರಡಿತು. ಪಂಚೆಯ ಮೇಲೆ ಧವಳಕಾಂತಿಯ, ವಲಯಾಕಾರದ, ಜೀರಿಗೆಚುಕ್ಕಿಗಳಿಂದ ಅಲಂಕೃತವಾದ ಸಂಡಿಗೆಸೈನ್ಯವು ಸಾಲುಗಟ್ಟಿತು. ಮನೆಯ ತಾರಸಿಯ ಪದ್ಧತಿಯಂತೆ ನಾಲ್ಕು ಮೂಲೆಗಳಲ್ಲಿ ಕೆಂಪು ಮೆಣಸಿನಕಾಯಿಗಳೆಂಬ ದ್ವಾರಪಾಲಕರು ನಿಂತರು. ಕಾಗೆಗಳ ಎದೆ ನಡುಗಿಸಲು ವಿಮಲಾಕ್ಷಮ್ಮನವರ ಕಪ್ಪು ಛತ್ರಿ ಪಕ್ಕದಲ್ಲಿ ಬಿಚ್ಚಿಕೊಂಡಿತು. ಆದರೆ ಆ ಕಾಡಿನಲ್ಲಿ ಕಾಗೆಗಳು ಕಡಿಮೆ. ಅತ್ತಿಮರದ ಮೇಲೆ ಕುಳಿತು ಇದೆಲ್ಲವನ್ನೂ ನೋಡುತ್ತಿದ್ದವನು ಹರಿದ ಕಿವಿಯ, ಕೆಂಪು ಮೋರೆಯ, ಶಾಖಾಸಿಂಹಾಸನಾರೂಢನಾದ ಕಪಿರಾಜ.

ಅಷ್ಟರಲ್ಲಿ ಸಫಾರಿಯ ಜೀಪು ಬಂದು ನಿಂತಿತು. ಬಿಸಿಲು ಸಂಡಿಗೆಗೆ ಹದವಾಗಿದ್ದ ಹೊತ್ತು. ಪ್ರಫುಲ್ಲಾ ಜೀಪನ್ನು ನೋಡಿದಳು, ಪಂಚೆಯನ್ನು ನೋಡಿದಳು.

ಆಗ ತ್ರಿಲೋಚನನು ಗುಡಾರದ ಕೋಲನ್ನು ಗದೆಯಂತೆ ಹೆಗಲಿಗೇರಿಸಿ ಗರ್ಜಿಸಿದನು: "ಎಲೌ ಗಜದರ್ಶನಾಭಿಲಾಷಿಣಿಯೇ, ನಿಶ್ಚಿಂತೆಯಿಂದ ತೆರಳು! ಬಾಲ್ಯದಿಂದಲೂ ಕಾಕಕುಲವನ್ನು ಬೆದರಿಸಿದ ಈ ಭುಜಗಳಿರುವವರೆಗೆ ಒಂದೇ ಒಂದು ಸಂಡಿಗೆಯ ಕೂದಲೂ ಕೊಂಕದು!"

"ಸಂಡಿಗೆಗೆ ಕೂದಲಿರಲ್ಲ ರೀ. ನಿಜವಾಗ್ಲೂ ಕಾಯ್ತೀರಾ? ಮೊಬೈಲ್ ನೋಡ್ಕೊಂಡ್ ಕೂತ್ಕೋಬೇಡಿ."

"ನೀನ್ ಹೋಗೇ. ಒಬ್ಳೇ ಹೋಗು, ಆರಾಮಾಗಿ ನೋಡ್ಕೊಂಡ್ ಬಾ."

ಗಂಡನ ಈ ಔದಾರ್ಯದ ಬಗ್ಗೆ ಅವಳು ಇನ್ನೊಂದು ಗಳಿಗೆ ಯೋಚಿಸಬೇಕಿತ್ತು. ಆನೆಯ ಆಸೆ ಯೋಚಿಸಲು ಬಿಡಲಿಲ್ಲ.

ಅವಳು ಜೀಪು ಹತ್ತಿ ಕೂತು, ಉಳಿದ ಪ್ರವಾಸಿಗರು ಒಬ್ಬೊಬ್ಬರಾಗಿ ಬಂದು ತುಂಬುವಷ್ಟರಲ್ಲಿ ಅರ್ಧ ಗಂಟೆ ಕಳೆದು, ಇಂಜಿನ್ನು ಗುಡುಗಿ, ಚಕ್ರಗಳು ಉರುಳಬೇಕೆನ್ನುವಾಗ ಹಿಂದಿನಿಂದ ದಿಕ್ಕುಗಳನ್ನು ಸೀಳುವ ಆರ್ತನಾದ ಕೇಳಿಸಿತು: "ಪ್ರಫುಲ್ಲಾ! ಕೋತಿ! ಸಂಡಿಗೆ!"

ಅವಳು ಜಿಗಿದಳು.

"ಮೇಡಂ, ಬರ್ತೀರೋ ಇಲ್ವೋ? ಆನೆ ನಮಗೋಸ್ಕರ ಕಾಯಲ್ಲ," ಎಂದ ಚಾಲಕ.

"ನೀವು ಹೊರಡಿ ಅಣ್ಣಾ," ಎಂದಳು. ತಿರುಗಿ ನೋಡಲಿಲ್ಲ.

ರಣರಂಗವು ಘೋರವಾಗಿತ್ತು. ಕಪಿರಾಜನು ಮೆಣಸಿನಕಾಯಿಗಳನ್ನು ಒಂದೊಂದಾಗಿ ಮೂಸಿ, ತಿರಸ್ಕಾರದಿಂದ ಎಸೆದಿದ್ದನು. ಕಪ್ಪು ಛತ್ರಿಯು ಶತ್ರುಗಳ ವಶವಾಗಿ ಮರದ ತುದಿಯಲ್ಲಿ ವಿಜಯಧ್ವಜದಂತೆ ತೂಗುತ್ತಿತ್ತು. ವೀರನು ಬೀಸಿದ ಗದೆ ಶತ್ರುವನ್ನು ಬಿಟ್ಟು ಸ್ವಂತ ಕಾರಿನ ಕನ್ನಡಿಯನ್ನು ಉರುಳಿಸಿತ್ತು. ಎಸೆದ ಚಪ್ಪಲಿಯನ್ನು ಮರಿಕೋತಿಯೊಂದು ಎದೆಗವಚಿಕೊಂಡು ಮುದ್ದಿಸುತ್ತಿತ್ತು. ಆಗ ಪ್ರಫುಲ್ಲಾ ತಟ್ಟೆಯನ್ನು ಎಡಗೈಯಲ್ಲೂ ಸೌಟನ್ನು ಬಲಗೈಯಲ್ಲೂ ಹಿಡಿದು, ಹಿಂದಿನ ಬೆಂಚಿನ ಹುಡುಗರನ್ನು ನೋಡುವ ದೃಷ್ಟಿಯನ್ನು ಕಪಿರಾಜನ ಮೇಲೆ ನೆಟ್ಟು, ರಣಭೇರಿಯನ್ನು ಬಾರಿಸುತ್ತ ನುಗ್ಗಿದಳು. ಕಪಿಸೇನೆಯು ಕೆಟ್ಟೋಡಿತು.

ಧೂಳು ಅಡಗಿದಾಗ ಅವಳು ಪಂಚೆಯನ್ನು ನೋಡಿದಳು. ಕೋತಿಗಳು ಸಂಡಿಗೆ ಬಾಚಿದ್ದು ಒಂದು ಮೂಲೆಯಿಂದ ಮಾತ್ರ. ಆದರೆ ಕಾರಿನ ಪಕ್ಕದಲ್ಲಿ ನಿಂತು ಯಾರೋ ಕೈಚಾಚಿದರೆ ಸಿಗುವಷ್ಟು ದೂರದವರೆಗೆ, ಪಂಚೆಯ ಅರ್ಧಭಾಗ ಕೊಯ್ಲಾದ ಗದ್ದೆಯಂತೆ ಬರಿದಾಗಿತ್ತು. ಕೊಂಬೆಯ ಮೇಲೆ ಕಪಿರಾಜ, ಕೆಳಗೆ ತ್ರಿಲೋಚನ. ಎದುರುಬದುರಾಗಿ ನಿಂತ ಆ ಇಬ್ಬರು ವೀರರ ಕೆನ್ನೆಗಳೂ ಒಂದೇ ಸಮ ಉಬ್ಬಿದ್ದವು.

"ರೀ. ಬಾಯಿ ತೆಗೀರಿ."

"ಉಂ ಹುಂ."

"ತೆಗೀರಿ ಅಂದೆ."

ವೀರನು ನುಂಗಿದನು. "ಅರೆ ಒಣಗಿದ್ ಸಂಡಿಗೆ ಕಣೇ. ಮೇಲೆ ಗರಿ, ಒಳಗಿನ್ನೂ ಮೆತ್ತಗಿದೆ. ಈ ಹದ ನಾಳೆ ಸಿಗಲ್ಲ. ಒಂದು ತಿನ್ನು, ಆಮೇಲೆ ಬೈಯಿ."

ಅವಳು ಒಂದು ತಿಂದಳು. ಬೈಯಲಿಲ್ಲ. ಇನ್ನೊಂದು ತಿಂದಳು. ದೂರದಲ್ಲಿ ಜೀಪಿನ ಸದ್ದು ಕಾಡಿನೊಳಗೆ ಕರಗಿತು.

ಸಂಜೆ ಸಫಾರಿಯಿಂದ ಹಿಂದಿರುಗಿದವರು, ಮರಿಗಳನ್ನು ನಡುವೆ ಬಿಟ್ಟುಕೊಂಡು ಆನೆಗಳ ಇಡೀ ಹಿಂಡೇ ರಸ್ತೆ ದಾಟಿತೆಂದು ಕೈಬೀಸಿ ವರ್ಣಿಸಿದರು. ಮರುದಿನ ಜೀಪು ಮತ್ತೆ ಬಂದಾಗ ಪ್ರಫುಲ್ಲಾ ಏಳಲಿಲ್ಲ. ಉಳಿದ ಅರ್ಧವನ್ನು ಇನ್ನು ಗಂಡನ ಕೈಗೆ ಬಿಡುವಂತಿರಲಿಲ್ಲ.

ಮನೆಯಲ್ಲಿ ವಿಮಲಾಕ್ಷಮ್ಮನವರು ಡಬ್ಬದ ಮುಚ್ಚಳ ತೆಗೆದರು.

"ಅಮ್ಮಾ, ಕೋತಿಗಳು!" ಎಂದನು ವೀರನು, ಎರಡೂ ಕೈಗಳನ್ನು ಅಗಲಿಸಿ. "ಇಷ್ಟಿಷ್ಟ್ ಗಾತ್ರ!"

"ಹೂಂ. ಚಿಕ್ಕೋನಿದ್ದಾಗ ಕಾಗೆ ಅಂತಿದ್ದೆ. ಮದುವೆ ಆದ್ಮೇಲೆ ಪ್ರಾಣಿ ದೊಡ್ಡದಾಗಿದೆ."

"ಅತ್ತೆ, ನಾನೂ ತಿಂದೆ," ಎಂದಳು ಪ್ರಫುಲ್ಲಾ.

"ತಿನ್ನದೆ ಇರ್ತೀರಾ? ಅದಕ್ಕೇ ಎರಡರಷ್ಟು ಒತ್ತಿದ್ದೆ. ಸೀಮಂತಕ್ಕೆ ಇಷ್ಟು ಸಾಕು." ಅವರು ಮುಚ್ಚಳ ಹಾಕಿದರು. "ಆನೆ ಕಾಣಿಸ್ತೇನಮ್ಮ?"

"ಇಲ್ಲ ಅತ್ತೆ. ಸಂಡಿಗೆ ಕಾಯ್ತಾ ಇದ್ದೆ."

ವಿಮಲಾಕ್ಷಮ್ಮನವರು ಡಬ್ಬವನ್ನು ಪಕ್ಕಕ್ಕಿಟ್ಟರು. "ಅಯ್ಯೋ ಹುಚ್ಚಿ. ಸಂಡಿಗೆ ಇನ್ನೊಂದ್ಸಲ ಒತ್ತಬಹುದಿತ್ತಲ್ಲೇ." ಆಮೇಲೆ ಸುತ್ತಲೂ ಕಣ್ಣಾಡಿಸಿ ಕೇಳಿದರು: "ಅದಿರ್ಲಿ, ನನ್ ಛತ್ರಿ ಎಲ್ಲಿ?"

ಕಾಕಕುಲಭಯಂಕರನಾದ ತ್ರಿಲೋಚನನು ಸಾಕ್ಷಿಗಾಗಿ ಆಕಾಶದ ಕಡೆ ನೋಡಿದನು. ಎಲ್ಲವನ್ನೂ ಕಂಡಿದ್ದ ಸೂರ್ಯನು ಆ ಹೊತ್ತಿಗೆ ಪಕ್ಕದ ಮನೆಯ ಹೊಸ ಮಹಡಿಯ ಹಿಂದಕ್ಕೆ ಇಳಿದುಬಿಟ್ಟಿದ್ದನು.