ಮಾವನ ಕಾರಿಗೆ ತಕ್ಕಡಿ ಸಾಹೇಬರ ಮುದ್ರೆ

ಬಾಯಿಗೆ ಬಂದ ಬೆಲೆ ಹೇಳಿದರೂ ಕೊಳ್ಳಲು ಬಂದವರು ಚೌಕಾಸಿ ಮಾಡದೆ "ಆಗಲಿ" ಅಂದುಬಿಟ್ಟರೆ ಮಾರುವವನು ಹಿಗ್ಗಬೇಕು. ಲೋಕದ ರೀತಿ ಹಾಗೆ. ಆದರೆ ತಕ್ಕಡಿ ಸಾಹೇಬರಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ.

ತಕ್ಕಡಿ ಸಾಹೇಬರು ಅನ್ನುವುದು ಅಂಗಡಿಯವರು ಇಟ್ಟ ಹೆಸರು. ಮೂವತ್ತೊಂದು ವರ್ಷ ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು, ತೂಕದ ಬಟ್ಟುಗಳ ಮೇಲೆ ಸುತ್ತಿಗೆಯಿಂದ ಮುದ್ರೆ ಹೊಡೆಯುವುದು, ಹಳೆಯ ಮುದ್ರೆ ಮಸುಕಾಗಿದ್ದರೆ ದಂಡ ಹಾಕುವುದು ಅವರ ಕೆಲಸ. ನಿವೃತ್ತಿಯ ದಿನ ಸಹೋದ್ಯೋಗಿಗಳು ಪ್ರೀತಿಯಿಂದ ಕೊಟ್ಟ ಗೋಡೆ ಗಡಿಯಾರವನ್ನು ಮನೆಯ ಗಡಿಯಾರದ ಪಕ್ಕದಲ್ಲಿ ಮೂರು ದಿನ ಇಟ್ಟು, ಎರಡೂ ಒಂದೇ ಸಮಯ ತೋರಿಸುತ್ತವೆಂದು ಖಾತ್ರಿಯಾದ ಮೇಲೆಯೇ ಗೋಡೆಗೆ ಹಾಕಿದವರು. (ಆ ಮೂರು ದಿನ ಅವರನ್ನು ಕಾಡಿದ ಪ್ರಶ್ನೆಯೆಂದರೆ, ಮನೆಯ ಗಡಿಯಾರವನ್ನು ಯಾವುದರ ಜೊತೆ ಹೋಲಿಸುವುದು ಎಂಬುದು.) ಹಾಲು ಕಂಡರೆ ನೀರು ಹುಡುಕುವ ಇಂಥ ಮನುಷ್ಯನಿಗೆ ಸೋದರಮಾವ ತೀರಿಕೊಳ್ಳುವಾಗ ಒಂದು ಇಟಲಿಯ ಸ್ಪೋರ್ಟ್ಸ್ ಕಾರು ಬಿಟ್ಟುಹೋದರು.

ಕೆಂಪು ಕಾರು. ಎರಡೇ ಸೀಟು. ಮಾವ ಮದುವೆಯಾಗಿರಲಿಲ್ಲವಾದ್ದರಿಂದ ಅವರಿಗೆ ಒಂದು ಸೀಟು ಹೆಚ್ಚೇ ಆಗಿತ್ತು. ಅದು ಓಡುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷವಾಗಿತ್ತು. ಚಕ್ರಗಳು ಹಿಡಿದುಕೊಂಡಿದ್ದವು, ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಅದನ್ನು ಲಾರಿಯಲ್ಲಿ ತಂದು ಮನೆಯ ಪಕ್ಕದ ಶೆಡ್ಡಿನಲ್ಲಿ ಇಳಿಸಿದಾಗ ಸಾಹೇಬರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. ಆ ಶೆಡ್ಡಿನಲ್ಲಿ ಅವರು ಹೊಲಿಗೆ ತರಗತಿ ಶುರು ಮಾಡುವವರಿದ್ದರು. ಎಂಟು ಜನ ಹೆಂಗಸರು ಹೆಸರು ಬರೆಸಿದ್ದರು. ಹೊಲಿಗೆ ಯಂತ್ರಗಳು ಆಗಲೇ ಬಂದು, ಎರಡು ನಡುಮನೆಯಲ್ಲಿ, ಒಂದು ಮಲಗುವ ಕೋಣೆಯಲ್ಲಿ ಮಂಚಕ್ಕೆ ಒತ್ತಿಕೊಂಡು ನಿಂತಿದ್ದವು. ಸಾಹೇಬರು ಮಂಚ ಹತ್ತಬೇಕಾದರೆ ಕಾಲಕಡೆಯಿಂದ ತೆವಳಿಕೊಂಡು ಹೋಗಬೇಕಿತ್ತು.

"ನೋಡಿ, ಒಂದನೇ ತಾರೀಖಿಗೆ ಶೆಡ್ ಖಾಲಿ ಆಗ್ಬೇಕು. ಆಗದಿದ್ರೆ ಯಂತ್ರಗಳು ಇಲ್ಲೇ ಇರ್ತವೆ, ಮಂಚ ಹೊರಗೆ ಹೋಗುತ್ತೆ. ಮಂಚದ ಮೇಲಿರೋರೂ ಅದರ ಜೊತೆ ಹೋಗ್ತಾರೆ," ಎಂದು ಅವರು ತಣ್ಣಗೆ ಹೇಳಿದ್ದರು. ಆ ತಣ್ಣನೆಯ ದನಿಗೆ ಸಾಹೇಬರು ಮೂವತ್ತು ವರ್ಷದಿಂದ ಹೆದರುತ್ತ ಬಂದಿದ್ದರು.

ಹಾಗಾಗಿ ಕಾರು ಮಾರಾಟಕ್ಕಿದೆ ಎಂಬ ಸುದ್ದಿ ಹೊರಟಿತು. ಬಂದವರು ಡಾಕ್ಟರಮ್ಮ. ಹಲ್ಲಿನ ಡಾಕ್ಟರು, ಬಿಡುವಿನಲ್ಲಿ ಹಳೆಯ ಕಾರುಗಳನ್ನು ಕೊಂಡು ಜೋಪಾನ ಮಾಡುವ ಹುಚ್ಚು. ಅವರು ಕಾರಿನ ಸುತ್ತ ಎರಡು ಸುತ್ತು ಬಂದರು, ಎಂಜಿನ್ನಿನ ಮುಚ್ಚಳ ಎತ್ತಿಸಿ ಒಳಗೆ ನೋಡಿದರು, ಬೆಲೆ ಕೇಳಿದರು. ಸಾಹೇಬರು ಚೌಕಾಸಿಗೆ ಜಾಗವಿರಲೆಂದು ತಮಗೆ ತೋಚಿದ್ದಕ್ಕೆ ಮೂರು ಪಾಲು ಸೇರಿಸಿ ಹೇಳಿದರು. ಡಾಕ್ಟರಮ್ಮ ಆಗಲಿ ಎಂದರು. ಭಾನುವಾರ ಲಾರಿ ತರುವುದಾಗಿಯೂ, ಅಷ್ಟರೊಳಗೆ ಯಾರಾದರೂ ಮೆಕ್ಯಾನಿಕ್ ಕರೆಸಿ ಚಕ್ರ ಉರುಳುವಂತೆ ಮಾಡಿಸಿದರೆ ಸಾಕೆಂದೂ ಹೇಳಿ, ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತರು.

"ಬೇರೆ ಏನನ್ನೂ ಮುಟ್ಟಬೇಡಿ. ಧೂಳು ಕೂಡ ಒರೆಸಬೇಡಿ."

ಸಾಹೇಬರ ಊಟ ಕೆಟ್ಟದ್ದು ಈ ಮಾತಿಗೆ. ಧೂಳು ಯಾಕೆ ಒರೆಸಬಾರದು? ಧೂಳಿನ ಕೆಳಗೆ ಏನಿದೆ? ಕೊಳ್ಳುವ ಸಾಮಾನು ಚೊಕ್ಕಟವಾಗಿರಲಿ ಅನ್ನದ ಒಬ್ಬ ಗಿರಾಕಿಯನ್ನೂ ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವರು ಹೆಂಡತಿಗೆ ಗಂಭೀರವಾಗಿ ತಿಳಿಸಿದರು. ಹೆಂಡತಿ, ನಿಮಗೆ ಹಾಲೂ ಹಾಲಲ್ಲ ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದರು.

ಸೋಮವಾರ ಮೆಕ್ಯಾನಿಕ್ ಬಂದ. ಮಾತು ಕಡಿಮೆ, ಕೈ ಚುರುಕು. ಕಾರನ್ನು ನೋಡಿದ ಕೂಡಲೇ ಅವನ ಮುಖ ಅರಳಿದ್ದನ್ನು ಸಾಹೇಬರು ಗುರುತು ಹಾಕಿಕೊಂಡರು. ಡಾಕ್ಟರಮ್ಮ ಒಪ್ಪಿದ ಬೆಲೆ ಕೇಳಿ ಅವನು, ಒಳ್ಳೆ ಬೆಲೆ ಸಾರ್, ಕೊಟ್ಟುಬಿಡಿ ಎಂದ. ಅದನ್ನೂ ಗುರುತು ಹಾಕಿಕೊಂಡರು. ಕೊಳ್ಳುವವರು ಚೌಕಾಸಿ ಮಾಡುವುದಿಲ್ಲ, ರಿಪೇರಿಯವನು ಕೊಡು ಅನ್ನುತ್ತಾನೆ. ಇಬ್ಬರೂ ಒಂದೇ ದೋಣಿಯಲ್ಲಿ ಕೂತಿರುವುದು ಕುರುಡನಿಗೂ ಕಾಣುತ್ತದೆ ಎಂದು ಸಾಹೇಬರು ತೀರ್ಮಾನಿಸಿದರು. ಇವನು ಅಸಲಿ ಭಾಗಗಳನ್ನು ಒಂದೊಂದಾಗಿ ಬಿಚ್ಚಿ ಒಯ್ದು, ನಕಲಿ ಭಾಗ ಕೂರಿಸಿ, ಅಸಲಿಯನ್ನು ಹಿಂಬಾಗಿಲಿಂದ ಡಾಕ್ಟರಮ್ಮನಿಗೆ ಮಾರುತ್ತಾನೆ. (ಇಡೀ ಕಾರನ್ನೇ ಕೊಳ್ಳುವವರು ಅದರ ಭಾಗಗಳನ್ನು ಕದ್ದು ಯಾಕೆ ಕೊಳ್ಳಬೇಕು ಎಂದು ಹೆಂಡತಿ ಕೇಳಿದ್ದಕ್ಕೆ, ಹೆಂಗಸರಿಗೆ ಇಂಥ ಸೂಕ್ಷ್ಮಗಳು ತಿಳಿಯುವುದಿಲ್ಲ ಎಂದು ಹೇಳಿ, ಆ ರಾತ್ರಿ ತಾವೇ ತಟ್ಟೆ ಹಾಕಿಕೊಂಡು ಉಂಡರು.)

ಉಪಾಯ ಹೊಳೆದದ್ದು ಮಂಗಳವಾರ ಬೆಳಿಗ್ಗೆ. ನಿವೃತ್ತರಾಗುವಾಗ ಸರ್ಕಾರದ ಮುದ್ರೆಯನ್ನು ಇಲಾಖೆಗೆ ಒಪ್ಪಿಸಿದ್ದರೂ, ಸ್ವಂತಕ್ಕೆ ಕೊಂಡಿದ್ದ ಉಕ್ಕಿನ ಅಚ್ಚುಗಳ ಪೆಟ್ಟಿಗೆ ಅಟ್ಟದ ಮೇಲಿತ್ತು. ಸಾಲಾಗಿ ಅಂಕಿಗಳು, ಸಾಲಾಗಿ ಅಕ್ಷರಗಳು, ಒಂದು ಪುಟ್ಟ ಸುತ್ತಿಗೆ. ಅದನ್ನು ಕೆಳಗಿಳಿಸಿ ಎಣ್ಣೆ ಒರೆಸಿದಾಗ ಸಾಹೇಬರ ಮೈಯಲ್ಲಿ ಹತ್ತು ವರ್ಷ ಕಡಿಮೆಯಾಯಿತು. ಮೆಕ್ಯಾನಿಕ್ ಕಾರಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರೆ, ಸಾಹೇಬರು ಮೇಲೆ ಬಗ್ಗಿ ಒಂದೊಂದು ಭಾಗದ ಮೇಲೂ ತಮ್ಮ ಹೆಸರಿನ ಮೊದಲಕ್ಷರವನ್ನೂ ಒಂದು ಅಂಕಿಯನ್ನೂ ಟಣ್ ಎಂದು ಹೊಡೆದು, ಪುಸ್ತಕದಲ್ಲಿ ಬರೆದುಕೊಂಡರು. ಸಂಜೆಯ ಹೊತ್ತಿಗೆ ನಲವತ್ತಮೂರು ಭಾಗಗಳು ಸಾಹೇಬರ ರಕ್ಷಣೆಗೆ ಒಳಪಟ್ಟಿದ್ದವು.

ಬುಧವಾರ ಎಂಜಿನ್ನಿನ ಪಕ್ಕದಲ್ಲಿ ಅಂಗೈ ಅಗಲದ ಒಂದು ನುಣುಪು ಜಾಗ ಕಣ್ಣಿಗೆ ಬಿತ್ತು. ಅಲ್ಲಿ ಒಂದು ಉದ್ದದ ಸಂಖ್ಯೆ. ತೀರ ಮಸುಕು. ಮೂವತ್ತೊಂದು ವರ್ಷ ಮಸುಕು ಮುದ್ರೆಗೆ ದಂಡ ಹಾಕಿದ ಕೈ ಸುಮ್ಮನಿದ್ದೀತೆ? ಇಂಥ ಮಸುಕು ಸಂಖ್ಯೆಯನ್ನು ಯಾವ ಕಳ್ಳನೂ ತಿದ್ದಬಹುದು. ಸಾಹೇಬರು ಅದೇ ಅಂಕಿಗಳ ಅಚ್ಚುಗಳನ್ನು ಆರಿಸಿ ಸಾಲಾಗಿ ಜೋಡಿಸಿಕೊಂಡರು.

ಮೆಕ್ಯಾನಿಕ್ ಕಾರಿನ ಕೆಳಗಿಂದ ತಲೆ ಹೊರಹಾಕಿದ. "ಸಾರ್, ಅದನ್ನ ಮಾತ್ರ ಮುಟ್ಟಬೇಡಿ."

ಸಿಕ್ಕಿಬಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸಾಹೇಬರು ಹಳೆಯ ಅಂಕಿಗಳ ಮೇಲೆಯೇ ಒಂದೊಂದಾಗಿ ಹೊಸದನ್ನು ಹೊಡೆದರು. ಎಷ್ಟು ಚೆನ್ನಾಗಿ ಮೂಡಿತೆಂದರೆ ಬಾಗಿಲಲ್ಲಿ ನಿಂತರೂ ಓದಬಹುದಿತ್ತು. ಚಕ್ರದ ಕೆಲಸ ಮುಗಿಸಿ ಹೊರಟ ಮೆಕ್ಯಾನಿಕ್ಕನ ಚೀಲವನ್ನು ಗೇಟಿನಲ್ಲಿ ಬಿಚ್ಚಿಸಿದರು. ಬುತ್ತಿಯ ಡಬ್ಬಿಯನ್ನೂ ತೆರೆಸಿದರು. ಅದರಲ್ಲಿ ಅರ್ಧ ಈರುಳ್ಳಿ ಇತ್ತು. ಅವನು ಡಬ್ಬಿ ಮುಚ್ಚಿಕೊಂಡು ಹೋದ.

ಭಾನುವಾರ ಡಾಕ್ಟರಮ್ಮ ಲಾರಿಯ ಜೊತೆ ಬಂದರು. ಈ ಸಲ ಕೈಯಲ್ಲಿ ಹಲ್ಲು ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿ, ಒಂದು ಟಾರ್ಚು. ಮುಚ್ಚಳ ಎತ್ತಿ ಕನ್ನಡಿಯನ್ನು ಒಳಗಿಳಿಸಿ ಬೆಳಕು ಬಿಟ್ಟರು. ಹುಳುಕು ಹಲ್ಲು ಕಂಡ ಡಾಕ್ಟರ ಮುಖ ಹೇಗಾಗುತ್ತದೋ ಹಾಗಾಗಿತ್ತು.

"ಈ ನಂಬರಿನ ಮೇಲೆ ಯಾರೋ ಹೊಸದಾಗಿ ಹೊಡೆದಿದ್ದಾರೆ," ಎಂದರು. ಆಮೇಲೆ ವಿವರಿಸಿದರು. ಹಳೆಯ ಕಾರಿನ ಜಾತಕವೇ ಆ ಸಂಖ್ಯೆ. ಕಾರ್ಖಾನೆಯವರು ಹೊಡೆದದ್ದು ಎಷ್ಟೇ ಮಸುಕಾಗಿದ್ದರೂ ಹಾಗೇ ಇರಬೇಕು. ಅದರ ಮೇಲಿನ ಧೂಳು ಕೂಡ ಇಷ್ಟು ವರ್ಷ ಯಾರೂ ಮುಟ್ಟಿಲ್ಲ ಎನ್ನುವುದಕ್ಕೆ ಸಾಕ್ಷಿ. ಕಾರು ಕದ್ದವರು ಮಾತ್ರ ಅದನ್ನು ಮತ್ತೆ ಹೊಡೆಯುತ್ತಾರೆ. ಆ ಧೂಳು ನೋಡಿ ಸಾಹೇಬರ ಮಾವನ ಕಾರು ಅಸಲಿ ಎಂದು ಗೊತ್ತಾದದ್ದರಿಂದಲೇ ತಾನು ಚೌಕಾಸಿ ಮಾಡಲಿಲ್ಲ. ಈ ಒಂದು ವಾರದಲ್ಲಿ ಎಂಜಿನ್ನೇ ಬದಲಾಗಿದೆಯೋ ಏನೋ, ಈಗ ಇದು ಮಾವನ ಕಾರೇ ಹೌದೋ ಅಲ್ಲವೋ.

ಸಾಹೇಬರ ಜನ್ಮದಲ್ಲಿ ಮೊದಲ ಸಲ ಒಬ್ಬರು ಅವರನ್ನು ತಲೆಯಿಂದ ಕಾಲಿನವರೆಗೆ ಸಂಶಯದಿಂದ ನೋಡುತ್ತಿದ್ದರು. ಅವರಿಗೆ ಅಳು ಬರುವಂತಾಯಿತು. ಹೊಡೆದದ್ದು ನಾನೇ, ಕಳ್ಳರಿಂದ ಕಾಪಾಡಲು, ಎಂದು ತೊದಲಿದರು. ಅದೂ ಕಳ್ಳರು ಹೇಳುವ ಮಾತಿನಂತೆಯೇ ಕೇಳಿಸಿತು. ನಲವತ್ತಮೂರು ಭಾಗಗಳ ಪುಸ್ತಕ ತಂದು ತೋರಿಸಿದರು. ಡಾಕ್ಟರಮ್ಮನ ಹುಬ್ಬು ಇನ್ನೂ ಮೇಲೆ ಹೋಯಿತು. ಹೆಂಡತಿ ಸಾಕ್ಷಿ ಹೇಳಲು ಬಂದರೆ, ಮನೆಯವರ ಮಾತು ನಡೆಯುವುದಿಲ್ಲ ಎಂದು ಡಾಕ್ಟರಮ್ಮ ಅಂದರು. ಹೊರಗಿನವರು, ಕಣ್ಣಾರೆ ಕಂಡವರು, ಕಾರು ಬಲ್ಲವರು ಯಾರಾದರೂ ನಡೆದದ್ದನ್ನು ಬರೆದುಕೊಟ್ಟರೆ ಮೊದಲ ಬೆಲೆಯ ಅರ್ಧಕ್ಕೆ ಒಯ್ಯುತ್ತೇನೆ, ಇಲ್ಲದಿದ್ದರೆ ಲಾರಿ ಖಾಲಿ ಹೋಗುತ್ತದೆ ಎಂದರು. ಒಂದನೇ ತಾರೀಖಿಗೆ ಎರಡು ದಿನವಿತ್ತು. ಹೆಂಡತಿ ಮಲಗುವ ಕೋಣೆಯ ಕಡೆ ನೋಡಿದರು.

ಅಂಥ ಮನುಷ್ಯ ಜಗತ್ತಿನಲ್ಲಿ ಒಬ್ಬನೇ ಇದ್ದ. ಅವನ ಬುತ್ತಿಯಲ್ಲಿ ಅರ್ಧ ಈರುಳ್ಳಿ ಇತ್ತು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಸಾಹೇಬರನ್ನು ಒಂದು ಬೋರಲು ಡಬ್ಬದ ಮೇಲೆ ಕೂರಿಸಿದ. ಸಾಹೇಬರು ತಪ್ಪೊಪ್ಪಿಕೊಂಡರು, ಬಾಯಿಬಿಟ್ಟು ಕ್ಷಮೆ ಕೇಳಿದರು. ಅವನು ಪೂರ್ತಿ ಕೇಳಿ, ಕೈ ಒರೆಸಿಕೊಂಡು, ನಿಧಾನವಾಗಿ ಬರೆದು, ಕಾಗದ ಮಡಚಿಕೊಟ್ಟ. ಸಾಹೇಬರು ಎದ್ದು ಹೊರಟಾಗ ಬಾಗಿಲಲ್ಲಿ ಅಡ್ಡ ನಿಂತ.

"ಹೊರಡೋ ಮುಂಚೆ ಚೀಲ ತೋರಿಸಿ ಹೋಗಿ, ಸಾರ್."

ಸಾಹೇಬರು ತೋರಿಸಿದರು. ಚೀಲದಲ್ಲಿ ಛತ್ರಿ ಇತ್ತು. ಅವನು ಛತ್ರಿಯನ್ನೂ ಬಿಚ್ಚಿಸಿ ನೋಡಿ ಕಳಿಸಿದ.

ಮನೆಯಲ್ಲಿ ಡಾಕ್ಟರಮ್ಮ ಕಾಗದವನ್ನು ಗಟ್ಟಿಯಾಗಿ ಓದಿದರು. "ಈ ಕಾರಿನ ಮೇಲಿನ ಹೊಸ ಗುರುತುಗಳನ್ನೆಲ್ಲ ಮಾಲೀಕರೇ ನನ್ನ ಕಣ್ಣೆದುರು ಹೊಡೆದಿದ್ದಾರೆ. ಬೇಡ ಅಂದೆ, ಕೇಳಲಿಲ್ಲ. ಇವರಿಗೆ ಸಂಶಯ ಜಾಸ್ತಿ, ತಿಳಿವಳಿಕೆ ಕಡಿಮೆ. ಆದರೆ ಕಳ್ಳರಲ್ಲ." ಓದಿ ಮುಗಿಸುವಷ್ಟರಲ್ಲಿ ಅವರ ಮುಖದಲ್ಲಿ ಬೆಳಗಿನಿಂದ ಇಲ್ಲದ ನಗು ಬಂದಿತ್ತು. ಈ ಕಾಗದ ಇನ್ನು ಮುಂದೆ ಕಾರಿನ ಜೊತೆಗೇ ಇರುತ್ತದೆ, ಐವತ್ತು ವರ್ಷದ ನಂತರ ಕೊಳ್ಳುವವರೂ ಮೊದಲು ಇದನ್ನೇ ಓದುತ್ತಾರೆ, ಕೆಳಗೆ 'ಮೇಲಿನದೆಲ್ಲ ನಿಜ' ಎಂದು ಬರೆದು ಸಹಿ ಹಾಕಿ ಎಂದರು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಮೂರು ಸಲ ಓದಿದರು. ಏನಾದರೂ ದೋಷ ಸಿಕ್ಕೀತೆ ಎಂದು ಹುಡುಕಿದರು. ತಿಳಿವಳಿಕೆಯ ವಿಷಯವನ್ನು ಸ್ವಲ್ಪ ತಿದ್ದಬಹುದೇನೋ ಎಂದು ಹೆಂಡತಿಯ ಮುಖ ನೋಡಿದರು. ಅವರಾಗಲೇ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಶೆಡ್ಡಿನ ಗೋಡೆ ಅಳೆಯುತ್ತಿದ್ದರು.

"ಅಳತೆ ಸರಿಯಾಗೇ ಇದೆ. ಸಹಿ ಹಾಕಿ," ಎಂದರು.

ಸಾಹೇಬರು ಬರೆದು ಸಹಿ ಹಾಕಿದರು. ಪೆನ್ನಿನಲ್ಲಿ ಶಾಯಿ ಮುಗಿಯುತ್ತ ಬಂದಿತ್ತೋ ಏನೋ, ಸಹಿ ತೀರ ಮಸುಕಾಗಿ ಬಂತು. ಅವರ ಕೈ ತಾನಾಗಿಯೇ ಅದರ ಮೇಲೆ ಇನ್ನೊಮ್ಮೆ ಒತ್ತಿ ಬರೆಯಲು ಹೋಯಿತು. ಡಾಕ್ಟರಮ್ಮ ಕಾಗದ ಎಳೆದುಕೊಂಡರು, ಹೆಂಡತಿ ಪೆನ್ನು ಕಿತ್ತುಕೊಂಡರು, ಇಬ್ಬರೂ ಒಟ್ಟಿಗೆ ಹೇಳಿದರು.

"ಅದನ್ನ ಮುಟ್ಟಬೇಡಿ."